ಎರಡನೇ ಮದುವೆಯ ಬಿಲ್ಲು, ಲಕ್ಕಮ್ಮನ ಅಭಿಪ್ರಾಯ

ಕಾರ್ತಿಕದಲ್ಲಿ ಆಗಬೇಕಿದ್ದ ಒಂದು ಮದುವೆಯನ್ನು ನಾನು ಜ್ಯೇಷ್ಠಕ್ಕೆ ತಂದು ನಿಲ್ಲಿಸಿದೆ.

ನಾನು ಜೋಯಿಸನಲ್ಲ. ಮದುವೆ ದಲ್ಲಾಳಿಯಂತೂ ಅಲ್ಲ. ಮಂಡ್ಯದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಹೇಳಿಕೊಂಡು, ವಾರಕ್ಕೊಮ್ಮೆ ಈ ಪುಟದಲ್ಲಿ ನಿಮ್ಮ ತಲೆ ತಿನ್ನುವ ಮನುಷ್ಯ. ನಾನು ಮಾಡಿದ್ದು ಇಷ್ಟೆ. ಒಂದು ಮಸೂದೆಯನ್ನು ಕನ್ನಡದಲ್ಲಿ ಓದಿ ಹೇಳಿದೆ. ಚೆನ್ನಾಗಿ ಓದಿ ಹೇಳಿದೆ. ಎಡವಟ್ಟಾದದ್ದೇ ಅಲ್ಲಿ.

ಬೇಸಿಗೆ ರಜೆಯಲ್ಲಿ ಮಳವಳ್ಳಿ ಸೀಮೆಯ ಒಂದು ಊರಿನಿಂದ ನನಗೆ ಬುಲಾವ್ ಬಂತು. ಕಳಿಸಿದವರು ಆ ಕಡೆಯ ಮೆಂಬರ್ರು. ಮೈಸೂರಿನ ಪ್ರಜಾಪ್ರತಿನಿಧಿ ಸಭೆಯ ಮೆಂಬರ್ರು. (ಹೆಸರು ಹಾಕುವುದಿಲ್ಲ. ಗೊತ್ತಾಗುವವರಿಗೆ ಹೇಗೂ ಗೊತ್ತಾಗುತ್ತದೆ.) ಸಭೆ ಸೇರುವ ಮುಂಚೆ ಇವರಿಗೆಲ್ಲ ಅಂಚೆಯಲ್ಲಿ ಒಂದು ಕಟ್ಟು ಕಾಗದ ಬರುತ್ತದೆ, ಈ ಸಲ ಯಾವ ಯಾವ ಬಿಲ್ಲು ಚರ್ಚೆಗೆ ಬರಲಿದೆ ಎಂದು. ಎಲ್ಲ ಇಂಗ್ಲಿಷು. ಕನ್ನಡದ ಪ್ರತಿಯೂ ಉಂಟು, ಆದರೆ ಅದನ್ನು ಕನ್ನಡಕ್ಕೆ ತಿರುಗಿಸಲು ಇನ್ನೊಬ್ಬರು ಬೇಕು. ಹಾಗಾಗಿ ಎರಡು ವರ್ಷದಿಂದ ಆ ಕಟ್ಟನ್ನು ಓದಿ ಹೇಳುವ ಕೆಲಸ ನನ್ನದು.

ಮಂಡ್ಯದಿಂದ ಮದ್ದೂರಿಗೆ ರೈಲು. ಅಲ್ಲಿಂದ ಬಸ್ಸು. ಯುದ್ಧ ಶುರುವಾದ ಮೇಲೆ ಪೆಟ್ರೋಲು ಎಲ್ಲಿದೆ? ಬಸ್ಸುಗಳೆಲ್ಲ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಓಡಾಡುತ್ತಿವೆ. ಏರು ಬಂದಾಗಲೆಲ್ಲ ನಾವು ಇಳಿದು ನಡೆದೆವು. ಊರು ಮುಟ್ಟುವ ಹೊತ್ತಿಗೆ ನನ್ನ ಬಿಳಿ ಅಂಗಿ ಬೂದಿ ಬಣ್ಣಕ್ಕೆ ತಿರುಗಿತ್ತು.

ಮೆಂಬರ್ರು ಒಳ್ಳೆಯ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಲು ಕಷ್ಟವಾಗುತ್ತದೆ. ಊರಿಗೆ ಸ್ಕೂಲು ತಂದವರು. ಯಾರ ಜಗಳವಿದ್ದರೂ ಜಗಲಿಯ ಮೇಲೆ ಕೂರಿಸಿ ಮುಗಿಸುವವರು. ವಯಸ್ಸು ನಲವತ್ತೈದರ ಆಚೆ. ನಾನು ಓದುತ್ತಿದ್ದೆ, ಅವರು ಕಂಬಕ್ಕೆ ಒರಗಿ ಕೇಳುತ್ತಿದ್ದರು.

ಬೀಡಾಡಿ ದನಗಳ ಬಿಲ್ಲು. "ಕೈ ಎತ್ತಾನ."

ತೂಕ ಅಳತೆಯ ಬಿಲ್ಲು. "ಅದ್ಕೂ ಎತ್ತಾನ ಬುಡಿ. ಸಂತೇಲಿ ಸ್ಯಾನೆ ಮೋಸ."

ಚಿಕ್ಕವರು ಬೀಡಿ ಸೇದಬಾರದೆಂಬ ಬಿಲ್ಲು. ಮೆಂಬರ್ರು ಕೈಯಲ್ಲಿದ್ದ ಬೀಡಿ ನೋಡಿಕೊಂಡರು. "ನಮ್ಗೆ ಅನ್ವಯ ಆಗಾಕಿಲ್ವಲ್ಲ? ಎತ್ತಾನ."

ಕಾನೂನು ಆಗುವುದೇ ಹೀಗೆ ಅಲ್ಲವೆ? ನಮಗೆ ಅನ್ವಯವಾಗದಿದ್ದರೆ ಕೈ ತಾನಾಗಿ ಮೇಲೆ ಹೋಗುತ್ತದೆ.

ಆಮೇಲೆ ಆ ಬಿಲ್ಲು ಬಂತು. ಸರ್ಕಾರದ್ದಲ್ಲ, ಖಾಸಗಿ ಸದಸ್ಯರೊಬ್ಬರದು. ಮೂರೇ ಪುಟ. ನಾನು ಉತ್ಸಾಹದಿಂದ ಓದಿದೆ, ಏಕೆಂದರೆ ಹಿಂದಿನ ವಾರವೇ ಇದೇ ಪುಟದಲ್ಲಿ ಅದನ್ನು ಹೊಗಳಿ ಬರೆದಿದ್ದೆ. ಹೆಂಡತಿ ಬದುಕಿರುವಾಗ ಗಂಡ ಇನ್ನೊಂದು ಮದುವೆ ಆಗಕೂಡದು. ಒಂದು ವೇಳೆ ಆದರೂ ಆ ಮದುವೆ ಊರ್ಜಿತವಲ್ಲ. ಆದವನಿಗೂ, ಮುಂದೆ ನಿಂತು ಮಾಡಿಸಿದವರಿಗೂ ಶಿಕ್ಷೆ.

ಮೆಂಬರ್ರು ಒರಗಿದ್ದವರು ನೆಟ್ಟಗೆ ಕೂತರು. ಒಳಗೆ ರಾಗಿ ಬೀಸುತ್ತಿದ್ದ ಕಲ್ಲಿನ ಸದ್ದು ನಿಂತಿತು. ಎರಡನ್ನೂ ನಾನು ಗಮನಿಸಿದೆ. ಆದರೆ ಗಮನಿಸುವುದು ಬೇರೆ, ಅರ್ಥವಾಗುವುದು ಬೇರೆ.

"ಮೇಷ್ಟ್ರೆ, ಇದು ಯಾವತ್ತಿಂದ ಜಾರಿ?"

ಪ್ರಶ್ನೆ ಕೇಳಿದರೆ ಮೇಷ್ಟರ ಜಾತಿಗೆ ಎಷ್ಟು ಖುಷಿ ಎಂದು ನಿಮಗೆ ಗೊತ್ತಿಲ್ಲ. ನಾನು ವಿವರಿಸಿದೆ. ಮೊದಲು ನಿಮ್ಮ ಸಭೆ, ಆಮೇಲೆ ಮೇಲಿನ ಸಭೆ, ಆಮೇಲೆ ಮಹಾರಾಜರ ಅಂಕಿತ, ಕೊನೆಗೆ ಗೆಜೆಟ್ಟು. ಗೆಜೆಟ್ಟಿನಲ್ಲಿ ಅಚ್ಚಾದ ದಿನದಿಂದ ಜಾರಿ.

"ಅದ್ಕೂ ಮುಂಚೆ ಆಗೋಗಿರವು?"

"ಅವಕ್ಕೆ ಏನೂ ತೊಂದರೆಯಿಲ್ಲ. ಕಾನೂನು ಹಿಂದಕ್ಕೆ ನಡೆಯುವುದಿಲ್ಲ" ಎಂದೆ. ಮಾತು ಚೆನ್ನಾಗಿತ್ತು ಎಂದು ನನಗೇ ಅನಿಸಿತು. ಇನ್ನೊಮ್ಮೆ ಹೇಳಿದೆ.

ಮೆಂಬರ್ರು ಮತ್ತೆ ಕಂಬಕ್ಕೆ ಒರಗಿದರು. "ಸರಿ ಬುಡಿ. ಮುಂದುಕ್ ಓದಿ."

ಊಟವಾಯಿತು. ಹೊರಡುವಾಗ ಕೈ ತೊಳೆಯಲು ಹಿತ್ತಿಲಿಗೆ ಹೋದೆ. ಮೆಂಬರ್ರ ಹೆಂಡತಿ ಲಕ್ಕಮ್ಮ ಅಲ್ಲಿ ನಿಂತಿದ್ದರು, ಮುತ್ತುಗದ ಎಲೆಯಲ್ಲಿ ಹಲಸಿನ ತೊಳೆ ಕಟ್ಟಿ ಹಿಡಿದುಕೊಂಡು. ಎರಡು ವರ್ಷದಿಂದ ಆ ಮನೆಯಲ್ಲಿ ಉಂಡಿದ್ದೇನೆ. ಆಕೆ ನನ್ನೊಡನೆ ಮಾತಾಡಿದ್ದು "ಇನ್ನೊಂದ್ ಮುದ್ದೆ ಇಕ್ಸಿಕಳಿ" ಎಂದಷ್ಟೆ.

"ಮೇಷ್ಟ್ರೆ, ಆಗ ಓದಿದ್ರಲ್ಲ ಎಂಡ್ರು ವಿಚಾರ. ಆ ಕಾಗ್ದದಲ್ಲಿ, ಎಂಡ್ತಿನ ಒಂದ್ ಮಾತು ಕೇಳ್ಬೇಕು ಅಂತ ಎಲ್ಲಾದ್ರೂ ಬರ್ದವ್ರಾ?"

ನಾನು ಕಟ್ಟು ಬಿಚ್ಚಿದೆ. ಬಿಸಿಲಲ್ಲಿ ನಿಂತೇ ಮೂರು ಪುಟ ತಿರುವಿದೆ. ಗಂಡ ಏನು ಮಾಡಬಾರದು ಎಂದಿತ್ತು. ಪುರೋಹಿತ ಏನು ಮಾಡಬಾರದು, ಮ್ಯಾಜಿಸ್ಟ್ರೇಟರು ಏನು ಮಾಡಬೇಕು ಎಂದಿತ್ತು.

"ಇಲ್ಲಮ್ಮ" ಎಂದೆ.

"ಇಲ್ವಾ."

ಹಲಸಿನ ತೊಳೆ ಕೈಗಿಟ್ಟು ಒಳಗೆ ಹೋದರು. ಕಲ್ಲು ಮತ್ತೆ ತಿರುಗತೊಡಗಿತು.

ಹದಿನೈದು ದಿನ ಕಳೆಯಿತು. ಸ್ಕೂಲು ಶುರುವಾದ ಮರುದಿನವೇ ಮೆಂಬರ್ರ ಕಡೆಯ ಆಳು ಎಲೆ ಅಡಿಕೆ ಹಿಡಿದು ಬಂದ. ಯಜಮಾನರಿಗೆ ಮದುವೆಯಂತೆ. ಮದ್ದೂರಿನ ಹತ್ತಿರದ ಕೊಪ್ಪದ ಹುಡುಗಿಯಂತೆ. ಮನೆಯಲ್ಲಿ ಮಕ್ಕಳಿಲ್ಲವಲ್ಲ, ಅದಕ್ಕೆ. "ಕಾರ್ತೀಕದಲ್ಲಿ ಇಟ್ಕಂಡಿದ್ರು ಸೋಮಿ. ಈಗ ಆಷಾಢಕ್ಕೆ ಮುಂಚಿಕೇ ಮುಗ್ಸುಬುಡಾನ ಅಂದ್ರು. ನೀವು ಬರ್ಲೇಬೇಕಂತೆ, ನಿಮ್ಮಿಂದ ಸ್ಯಾನೆ ಉಪ್ಕಾರ ಆಗೈತಂತೆ."

ನನ್ನಿಂದ ಉಪಕಾರ!

ಆಳು ಹೋದ ಮೇಲೆ ನನ್ನ ಹೆಂಡತಿ ಬಾಗಿಲ ಬಳಿ ಬಂದು ನಿಂತಳು. ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದಳು. "ಏನೂಂದ್ರೆ, ಏನು ಉಪಕಾರ ಮಾಡಿದಿರಿ?"

ಹೇಳಿದೆ. ಜಾರಿ, ಗೆಜೆಟ್ಟು, ಕಾನೂನು ಹಿಂದಕ್ಕೆ ನಡೆಯುವುದಿಲ್ಲ, ಎಲ್ಲ. ಆಕೆ ಪೂರ್ತಿ ಕೇಳಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಆಯಮ್ಮ ಅಲ್ಲೇ ಇದ್ದರಾ?"

"ಒಳಗಿದ್ದರು."

"ಊಟ ಬಡಿಸಿದರಾ?"

"ಬಡಿಸಿದರು."

"ಉಂಡಿರಾ?"

ಚಪ್ಪಲಿ ಮೆಟ್ಟಿಕೊಂಡು ಬೀದಿಗಿಳಿದೆ.

ಆ ವಾರ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಕ್ಲಾಸಿನಲ್ಲಿ ಗ್ರಾಮರ್ ಹೇಳಲು ಹೋಗಿ ನಡುವೆ ನಿಲ್ಲಿಸಿದೆ. ಸಂಜೆ ರೈಲ್ವೆ ಸ್ಟೇಷನ್ನಿನ ತನಕ ನಡೆದು, ಯಾರನ್ನೂ ಕಾಯದೆ ವಾಪಸು ಬಂದೆ. ನಮ್ಮ ಬೀದಿಯ ಟೈಲರ್ ಬಾಷಾ ಸಾಹೇಬರಿಗೆ ಅಂಗಿ ಹೊಲಿಯಲು ಕೊಟ್ಟಿದ್ದೆ, ಇನ್ನೂ ಆಗಿರಲಿಲ್ಲ. "ಮಾಫ್ ಮಾಡಿ ಮೇಷ್ಟ್ರೆ, ಮದ್ವೆ ರವಿಕೆಗಳು ಬಿದ್ದವೆ. ಏನೋ ಬಿಲ್ಲು ಬತ್ತದಂತಲ್ಲ. ಎರಡ್ನೇ ಮದ್ವೆ ಮಾಡ್ಕಳೋರೆಲ್ಲ ಒಂದೇ ಸಲ ಎದ್ದವ್ರೆ" ಎಂದರು. ನಗುತ್ತ ಹೇಳಿದರು. ನನಗೆ ನಗು ಬರಲಿಲ್ಲ.

ಒಳ್ಳೆಯದಕ್ಕೆಂದು ಬರೆದ ಕಾಗದ. ಅದು ಕಾನೂನಾಗುವ ಮುಂಚೆಯೇ ಅದರ ಹೆದರಿಕೆಯಲ್ಲಿ ಎಷ್ಟು ಮನೆಗಳಲ್ಲಿ ಚಪ್ಪರ ಎದ್ದಿತೋ! ಬಾಗಿಲು ಹಾಕುತ್ತಾರೆ ಎಂದು ಕೂಗಿ ಹೇಳಿದರೆ ಜನ ಒಳಗೆ ನುಗ್ಗದೆ ಇರುತ್ತಾರೆಯೆ? ಕೂಗಿದವರಲ್ಲಿ ನಾನೂ ಒಬ್ಬ.

ಮದುವೆಗೆ ಐದು ದಿನವಿದೆ ಎನ್ನುವಾಗ ನಾನು ಕೊಪ್ಪಕ್ಕೆ ಹೊರಟೆ. ಏನು ಹೇಳಬೇಕೆಂದು ಗೊತ್ತಿರಲಿಲ್ಲ. ಮದುವೆ ನಿಲ್ಲಿಸಿ ಎನ್ನಲು ನಾನು ಯಾರು? ಹೆಣ್ಣಿನ ಕಡೆಯವನಲ್ಲ, ಗಂಡಿನ ಕಡೆಯವನಲ್ಲ, ಎಲೆ ಅಡಿಕೆ ಇಸಕೊಂಡ ಅತಿಥಿ. ಮದ್ದೂರಿನಲ್ಲಿ ಇಳಿದು, ಎತ್ತಿನ ಗಾಡಿ ಹಿಡಿದು, ದಾರಿಯುದ್ದಕ್ಕೂ ಭಾಷಣ ತಯಾರು ಮಾಡಿಕೊಂಡೆ. ಊರು ಬರುವ ಹೊತ್ತಿಗೆ ಎಲ್ಲ ಮರೆತಿತ್ತು.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅಂಗಳದಲ್ಲಿ ಚಪ್ಪರದ ಕಂಬಗಳು ನೆಟ್ಟಿದ್ದವು. ಮೇಲೆ ಸೋಗೆ ಹೊದಿಸಿರಲಿಲ್ಲ. ಸೋಗೆಯ ಹೊರೆ ಗೋಡೆಗೆ ಒರಗಿ ಒಣಗುತ್ತಿತ್ತು.

ಹುಡುಗಿಯ ಅಪ್ಪ ಹೊರಗೇ ಕೂತಿದ್ದರು. ಮೆಂಬರ್ರಿಗೆ ಗೊತ್ತಿದ್ದವನು ಎಂದೊಡನೆ ಎದ್ದು ನಿಂತರು. ಮುಖದಲ್ಲಿ ಗಾಬರಿ. "ಅವರೇ ಕಳ್ಸುದ್ರಾ? ಅವರಿಗೆ ಗೊತ್ತಾಗೋಯ್ತಾ?"

"ಏನು ಗೊತ್ತಾಗಬೇಕು?"

"ಅವರ ಮನೆಯಾಕೆ ಇಲ್ಲಿಗೆ ಬಂದಿದ್ದು."

ನಾನು ಅಲ್ಲೇ ಜಗಲಿಯ ಮೇಲೆ ಕೂತುಬಿಟ್ಟೆ. ಲಕ್ಕಮ್ಮ ನನಗಿಂತ ಎರಡು ದಿನ ಮುಂಚೆಯೇ ಬಂದು ಹೋಗಿದ್ದರು! ಸೋಮನಹಳ್ಳಿಯ ತವರಿಗೆ ಹೋಗಿ ಬರುತ್ತೇನೆ ಎಂದು ಮನೆಯಲ್ಲಿ ಹೇಳಿ ಬಸ್ಸು ಹತ್ತಿದವರು, ಮದ್ದೂರಿನಲ್ಲಿ ಇಳಿದು ಕೊಪ್ಪದ ದಾರಿಯನ್ನು ನಡೆದೇ ಬಂದಿದ್ದರಂತೆ.

ಮುಂದಿನದನ್ನು ಹೇಳಿದ್ದು ಹುಡುಗಿಯ ತಾಯಿ. ಗಂಡ "ನೀ ಒಳಕ್ ಓಗು" ಎಂದರೂ ಕೇಳದೆ ಬಾಗಿಲಲ್ಲಿ ನಿಂತು ಹೇಳಿದರು.

"ಜಗಳಕ್ಕೆ ಬಂದವಳೆ ಅನ್ಕಂಡೆ ಸೋಮಿ. ನಾನೂ ಸೆರಗು ಸಿಗಿಸ್ಕಂಡು ನಿಂತ್ಕಂಡೆ. ಆಯಮ್ಮ ಕುಡಿಯಕ್ಕೆ ನೀರು ಕೇಳುದ್ಲು. ಕೊಟ್ಟೆ. ಕುಡುದ್ಲು. ನಿನ್ನ ಮಗಳ ಮೇಲೆ ನಂಗೆ ಸಿಟ್ಟಿಲ್ಲ ಕಣಮ್ಮ ಅಂದ್ಲು. ಒಂದ್ ಮಾತು ಯೋಳಿ ಓಯ್ತೀನಿ ಅಂದ್ಲು."

ಆ ಒಂದು ಮಾತು ಇದು. ಮೈಸೂರಿನ ಲೇಡಿ ಡಾಕ್ಟರೊಬ್ಬರು ಲಕ್ಕಮ್ಮನನ್ನು ಎರಡು ಸಲ ಪರೀಕ್ಷೆ ಮಾಡಿದ್ದರು. ನಿನ್ನಲ್ಲಿ ಯಾವ ಕೊರತೆಯೂ ಇಲ್ಲ, ನಿನ್ನ ಗಂಡನನ್ನು ಕರೆದುಕೊಂಡು ಬಾ ಎಂದಿದ್ದರು. ಲಕ್ಕಮ್ಮ ಬಂದು ಗಂಡನಿಗೆ ಹೇಳಿದರು. ಅವರು ಹೋಗಲಿಲ್ಲ. ಏಳು ವರ್ಷವಾಯಿತು, ಇವತ್ತಿನವರೆಗೆ ಹೋಗಲಿಲ್ಲ.

"ಆಮೇಕೆ ಆಯಮ್ಮ ಅಂದ್ಲು, ನಾಳೆ ನಿನ್ನ ಮಗಳಿಗೂ ಮಕ್ಕಳಾಗ್ದಿದ್ರೆ ಅವಳೂ ನನ್ನ ಪಕ್ಕದಲ್ಲೇ ಕೂತ್ಕತಾಳೆ. ಆಗ ಮೂರನೇವಳ ಮನೆ ಬಾಗ್ಲಿಗೆ ನಾವಿಬ್ರೂ ಜೊತೇಲಿ ಓಗ್ಬೇಕಾಯ್ತದೆ ಅಂದ್ಲು. ಅಷ್ಟೇ ಸೋಮಿ. ಅಳ್ನಿಲ್ಲ, ಶಾಪ ಆಕ್ನಿಲ್ಲ. ನನ್ನ ಮಗಳ ಕೆನ್ನೆ ಸವರಿ ಒಂಟೋದ್ಲು. ಅವತ್ತಿಂದ ಇವಳು ಮದ್ವೆ ಸೀರೆ ಮುಟ್ಟಿಲ್ಲ. ನಾನೂ ಚಪ್ಪರಕ್ಕೆ ಸೋಗೆ ಆಕ್ಬೇಡಿ ಅಂತ ಕೂತಿವ್ನಿ."

"ಎಂಗಸ್ರ ಮಾತು ಕಟ್ಕಂಡು ನಾನು ದೊಡ್ಡ ಮನುಸ್ರ ಎದುರು ಎಂಗ್ ಮಕ ತೋರ್ಸದು?" ಎಂದರು ಅಪ್ಪ. ಆದರೆ ಅದನ್ನು ಹೆಂಡತಿಗೆ ಹೇಳಲಿಲ್ಲ, ನನಗೆ ಹೇಳಿದರು. ಮನಸ್ಸು ಅಲ್ಲಾಡಿತ್ತು. ಮನುಷ್ಯ ದಾರಿ ಹುಡುಕುತ್ತಿದ್ದರು.

ಆಗ ನನಗೆ ಒಂದು ಉಪಾಯ ಹೊಳೆಯಿತು. ಜೀವನದಲ್ಲಿ ಒಂದು ಸಲವಾದರೂ ನನ್ನ ಇಂಗ್ಲಿಷು ಕೆಲಸಕ್ಕೆ ಬರಲಿ ಎಂದುಕೊಂಡೆ. ಆ ಬಿಲ್ಲಿನಲ್ಲಿ ಮುಂದೆ ನಿಂತು ಮದುವೆ ಮಾಡಿಸಿದವರಿಗೂ ಶಿಕ್ಷೆಯಿದೆ, ಸಭೆ ಏನು ತೀರ್ಮಾನ ಮಾಡುತ್ತದೋ ನೋಡಿಕೊಂಡು ಮಾಡಿ ಎಂದೆ. ಜಾರಿಗೆ ಮುಂಚೆ ಆದ ಮದುವೆಗಳಿಗೆ ಅದು ತಟ್ಟುವುದಿಲ್ಲ ಎಂಬುದನ್ನು ಹೇಳಲಿಲ್ಲ. (ಮೆಂಬರ್ರಿಗೆ ಪೂರ್ತಿ ಹೇಳಿದ್ದೆ, ಇವರಿಗೆ ಅರ್ಧ ಹೇಳಿದೆ. ತಪ್ಪೋ ಸರಿಯೋ ನೀವೇ ಹೇಳಿ.) ಅಪ್ಪನಿಗೆ ಅಷ್ಟೇ ಬೇಕಾಗಿತ್ತು. "ಅಂಗಾರೆ ಆಷಾಢ ಕಳೀಲಿ. ಸಭೆ ಮುಗೀಲಿ" ಎಂದು ಮೆಂಬರ್ರಿಗೆ ಹೇಳಿ ಕಳಿಸಿದರು.

ಜ್ಯೇಷ್ಠದ ಮದುವೆ ನಿಂತಿತು. ನಿಲ್ಲಿಸಿದ್ದು ನಾನೆಂದು ಜಂಬ ಪಡುವಂತಿಲ್ಲ. ನಡೆದು ಬಂದು ನಿಲ್ಲಿಸಿದವರು ಬೇರೆ.

ಸಭೆ ಸೇರಿದಾಗ ರಜೆ ಹಾಕಿ ಮೈಸೂರಿಗೆ ಹೋದೆ. ಗ್ಯಾಲರಿಯ ಕಟಕಟೆಗೆ ಅಂಟಿಕೊಂಡು ಕೂತೆ. ಎರಡನೆಯ ದಿನ ಮಧ್ಯಾಹ್ನ ಊಟದ ನಂತರ ಬಿಲ್ಲು ಬಂತು. ತೂಕಡಿಸುತ್ತಿದ್ದ ಅರ್ಧ ಮಂದಿ ಎದ್ದು ಕೂತರು.

ಒಬ್ಬರು ಶಾಸ್ತ್ರ ಹೇಳಿದರು. ಒಬ್ಬರು ವಂಶ ನಿಂತು ಹೋಗುತ್ತದೆ ಎಂದರು. ವಕೀಲರೊಬ್ಬರು ಊರ್ಜಿತವಲ್ಲ ಎಂಬ ಪದವನ್ನೇ ಹಿಡಿದುಕೊಂಡು ಬಹಳ ಹೊತ್ತು ಎಳೆದಾಡಿದರು. ಇನ್ನೊಬ್ಬರು, ಒಬ್ಬಳನ್ನು ಸಾಕುವುದೇ ಕಷ್ಟವಿರುವಾಗ ಈ ಕಾನೂನಿನ ಅಗತ್ಯವೇನು ಎಂದು ಕೇಳಿದರು. ಸಭೆಯೆಲ್ಲ ನಕ್ಕಿತು. ಮಹಿಳಾ ಸದಸ್ಯರೊಬ್ಬರು ಎದ್ದು ನಿಂತರು. ದನಿ ಗಟ್ಟಿಯಾಗಿತ್ತು. ಮಾತು ಬಿಸಿಯೇರುವ ಹೊತ್ತಿಗೆ ಸಮಯ ಮುಗಿದ ಗಂಟೆ ಹೊಡೆಯಿತು. ಕೂತರು.

ಆಮೇಲೆ ನಮ್ಮ ಮೆಂಬರ್ರು ಎದ್ದರು.

ಜರಿ ರುಮಾಲು, ಕರಿ ಕೋಟು. ತಲೆ ಎತ್ತಿ ಗ್ಯಾಲರಿ ನೋಡಿದರು. ನನ್ನನ್ನು ನೋಡಿದರೋ ಇಲ್ಲವೋ ತಿಳಿಯದು. ನಾನು ಕಟಕಟೆಯ ಮೇಲೆ ಬಾಗಿದೆ. ವಿರೋಧ ಮಾಡುತ್ತಾರೆಯೆ? ಬೆಂಬಲಿಸುತ್ತಾರೆಯೆ?

"ಸೋಮಿ, ಇದು ಮನೆ ಮನೆ ವಿಚಾರ. ಬಿಲ್ಲು ಒಳ್ಳೇದೇ. ಆದ್ರೆ ಒಂದೇ ದಿನ ಕೂತು ತೀರ್ಮಾನ ಮಾಡಾ ಅಂತದ್ದಲ್ಲ. ಯಾರ ಬಾಳಿಗೆ ಇದು ತಟ್ಟತದೋ ಅವರ್ನ ಮೊದ್ಲು ಕೇಳ್ಬೇಕು. ಸಾರ್ವಜನಿಕರ ಅಭಿಪ್ರಾಯಕ್ಕೆ ಕಳ್ಸಿ. ಆಮೇಕೆ ಮಾಡಿ."

ಮೇಜು ಗುದ್ದಿದ ಸದ್ದಿಗೆ ಕಿವಿ ತುಂಬಿತು. ಎಷ್ಟು ನ್ಯಾಯವಾದ ಮಾತು! ಯಾರಿಗೆ ತಟ್ಟುತ್ತದೋ ಅವರನ್ನು ಕೇಳಬೇಕು. ಇದನ್ನು ಯಾರು ಬೇಡ ಎನ್ನುತ್ತಾರೆ? ನಾಚಿಕೆ ಬಿಟ್ಟು ಹೇಳುತ್ತೇನೆ, ನಾನೂ ಅರೆಕ್ಷಣ ತಲೆಯಾಡಿಸಿದೆ. ಬಿಲ್ಲು ಸಾರ್ವಜನಿಕರ ಅಭಿಪ್ರಾಯಕ್ಕೆ ಹೋಯಿತು. ಅಂದರೆ ಏನೆಂದು ನಿಮಗೆ ಗೊತ್ತು. ವರ್ಷವೋ, ಎರಡು ವರ್ಷವೋ, ಯಾರಿಗೂ ತಿಳಿಯದು.

ಹೊರಗೆ ಮೊಗಸಾಲೆಯಲ್ಲಿ ಸಿಕ್ಕರು. ಮುಖ ಅರಳಿತ್ತು. "ಎಂಗಿತ್ತು ಮೇಷ್ಟ್ರೆ?"

"ಚೆನ್ನಾಗಿತ್ತು. ಕೊಪ್ಪದ ವಿಷಯ ಎಲ್ಲಿಗೆ ಬಂತು?" ಎಂದೆ. ಕೇಳದೆ ಇರಲಾಗಲಿಲ್ಲ.

ಅರಳಿದ್ದ ಮುಖ ಬಾಡಿತು. "ಅದೂ ಅಂಗೇ ಆಗೈತೆ. ಆ ಮನೇಲೂ ಎಂಗಸ್ರ ಅಭಿಪ್ರಾಯ ಕೇಳ್ಕಂಡು ಕೂತವ್ರೆ." ರುಮಾಲು ಸರಿಮಾಡಿಕೊಂಡು, "ನಮ್ಮೋಳು ಓಗಿದ್ದು ನಿಮ್ಗೆ ಗೊತ್ತಿತ್ತಾ?" ಎಂದರು.

"ಆಮೇಲೆ ಗೊತ್ತಾಯಿತು."

"ಡಾಕ್ಟ್ರು ವಿಚಾರ ಎಲ್ಲಾನೂ ಯೋಳ್ಬುಟ್ಟವಳೆ" ಎಂದರು. ಸಿಟ್ಟಿನಲ್ಲಿ ಅನ್ನಲಿಲ್ಲ. ಸೋತ ದನಿಯಲ್ಲಿ ಅಂದರು. ಅಷ್ಟು ದೊಡ್ಡ ರುಮಾಲಿನ ಕೆಳಗೆ ಒಬ್ಬ ಹೆದರಿದ ಮನುಷ್ಯ ನಿಂತಿದ್ದಾರೆ ಎಂದು ಅವತ್ತೇ ನನಗೆ ಕಂಡಿದ್ದು. ಹೆದರಿದ್ದಕ್ಕೆ ಮರುಕವೂ ಆಯಿತು. ಆದರೆ ಒಬ್ಬರ ಹೆದರಿಕೆಯನ್ನು ಏಳು ವರ್ಷ ಇನ್ನೊಬ್ಬರು ಹೊತ್ತುಕೊಂಡು ತಿರುಗಬೇಕೆ?

ಹೋದ ತಿಂಗಳು ಸ್ಕೂಲಿಗೆ ನನ್ನ ಹೆಸರಿಗೇ ಒಂದು ಲಕೋಟೆ ಬಂತು. ಸರ್ಕಾರಿ ಮೊಹರು. ಆ ಬಿಲ್ಲಿನ ಬಗ್ಗೆ ಅಭಿಪ್ರಾಯ ಕೊಡಬೇಕಂತೆ. ಜೊತೆಗೆ ಯಾರು ಯಾರನ್ನು ಕೇಳಲಾಗಿದೆ ಎಂಬ ಪಟ್ಟಿ. ವಕೀಲರು, ಪಟೇಲರು, ಶಾನುಭೋಗರು, ಡಾಕ್ಟರು, ದೇವಸ್ಥಾನದ ಧರ್ಮದರ್ಶಿಗಳು, ಮೇಷ್ಟರುಗಳು. ಎರಡು ಸಲ ಓದಿದೆ. ಪಟ್ಟಿಯಲ್ಲಿ ಒಂದೇ ಒಂದು ಹೆಣ್ಣು ಹೆಸರೂ ಇಲ್ಲ.

ನನ್ನ ಅಭಿಪ್ರಾಯ ಬರೆಯಲು ಪೆನ್ನು ಎತ್ತಿಕೊಂಡೆ. ಒಂದು ಸಾಲು ಬರೆದೆ, ಹೊಡೆದುಹಾಕಿದೆ. ನನ್ನ ಹೆಂಡತಿ ಹಿಂದೆ ನಿಂತು ನೋಡುತ್ತಿದ್ದಳು. "ನಿಮಗೆ ಇದರಲ್ಲಿ ಏನು ಗೊತ್ತು ಅಂತ ಬರೀತೀರಿ?" ಎಂದಳು. ಭಾನುವಾರ ಮತ್ತೆ ಇದ್ದಿಲು ಬಸ್ಸು ಹತ್ತಿದೆ. ಈ ಸಲ ಆಕೆಯನ್ನೂ ಕರೆದುಕೊಂಡು.

ಮೆಂಬರ್ರು ಊರಲ್ಲಿರಲಿಲ್ಲ. ಲಕ್ಕಮ್ಮ ನಮಗೆ ಚಾಪೆ ಹಾಕಿದರು. ಸ್ವಲ್ಪ ಇಳಿದು ಹೋಗಿದ್ದರು. ಕೊಪ್ಪದ ಸಂಬಂಧ ಪೂರ್ತಿ ಮುರಿದಿತ್ತು. ಆ ಹುಡುಗಿಗೆ ಬೇರೆ ಕಡೆ ವರ ಗೊತ್ತಾಗಿದೆಯಂತೆ. ಮೆಂಬರ್ರು ಹೆಂಡತಿಯನ್ನು ಹೊಡೆಯಲಿಲ್ಲ, ಮನೆ ಬಿಟ್ಟು ಹೋಗು ಎನ್ನಲಿಲ್ಲ. ಮಾತು ಬಿಟ್ಟರು, ಅಷ್ಟೆ. ಎರಡು ತಿಂಗಳಿಂದ ಒಂದು ಮಾತಿಲ್ಲ. ಬಡಿಸಿದರೆ ಉಣ್ಣುತ್ತಾರೆ. ಹುಣಸೂರು ಕಡೆ ಇನ್ನೊಂದು ಹೆಣ್ಣು ನೋಡುತ್ತಿದ್ದಾರೆ ಎಂದು ಊರವರ ಮಾತು.

"ತವರಿಗೆ ಹೋಗಬಹುದಿತ್ತಲ್ಲ" ಎಂದಳು ನನ್ನ ಹೆಂಡತಿ ಮೆಲ್ಲಗೆ.

"ನಾನ್ಯಾಕೆ ಓಗ್ಲಿ ತಾಯಿ? ಇಪ್ಪತ್ ವರ್ಸದಿಂದ ಸಾರ್ಸಿರ ನೆಲ. ಮಾತು ಬುಟ್ಟೋರು ಅವರು. ಬೇಕಾದ್ರೆ ಅವರೇ ಓಗ್ಲಿ."

ನಾನು ಕಾಗದ ತೆಗೆದೆ. ಪೂರ್ತಿ ಓದಿ ಹೇಳಿದೆ. ಸರ್ಕಾರ ಅಭಿಪ್ರಾಯ ಕೇಳಿದೆ, ನಿಮ್ಮದನ್ನು ಬರೆದುಕೊಳ್ಳಲು ಬಂದೆ ಎಂದೆ. ಲಕ್ಕಮ್ಮ ನನ್ನನ್ನು ನೋಡಿದರು, ನನ್ನ ಹೆಂಡತಿಯನ್ನು ನೋಡಿದರು. ತಮಾಷೆ ಮಾಡುತ್ತಿಲ್ಲ ಎಂದು ಖಾತ್ರಿಯಾದ ಮೇಲೆ ಕೈ ಒರೆಸಿಕೊಂಡು, ಗೋಡೆಗೆ ಬೆನ್ನು ಕೊಟ್ಟು ಕೂತರು.

"ಬರ್ಕಳಿ. ಬಿಲ್ಲು ಬರ್ಲಿ. ಬಂದ್ರೆ ಅವರು ನನ್ನ ಜೊತೇಲಿ ಮಾತಾಡ್ತಾರೆ ಅಂತಲ್ಲ. ಅದ್ಕೆಲ್ಲ ಬಿಲ್ಲು ಮಾಡಾಕೆ ಸರ್ಕಾರದ ಕೈಲೂ ಆಗಾಕಿಲ್ಲ. ನಂಗೆ ಒತ್ತಾಗೋಯ್ತು. ಆದ್ರೆ ಕೊಪ್ಪದ ಎಣ್ಣುಮಗ, ಮದ್ವೆ ಸೀರೆ ಮಡಿಸಿಟ್ಟಿದ್ದ ಮೂಲೇಲಿ ಮಕ ತಿರುಗ್ಸಿ ಕೂತಿತ್ತು. ಅಂತಾ ಐಕ್ಳಿಗೆ ಒತ್ತಾಗ್ದೆ ಇರ್ಲಿ. ಇನ್ನೊಂದ್ ಬರ್ಕಳಿ. ಮನೇಗೆ ಇನ್ನೊಬ್ಬಳು ಬತ್ತಾಳೆ ಅಂದ್ರೆ ಮನೇಲಿರೋಳ್ನ ಕೇಳ್ಬೇಕು. ಬ್ಯಾಡ ಅಂದ್ರೆ ಬ್ಯಾಡವೇ. ಕೇಳ್ದಂಗೆ ಏನೂ ಆಗ್ಬಾರ್ದು."

ಒಂದಕ್ಷರ ತಿದ್ದದೆ ಬರೆದುಕೊಂಡೆ. ಓದಿ ಹೇಳಿದೆ. ಹೆಬ್ಬೆರಳು ಒತ್ತಿದರು.

ಇದನ್ನು ಪತ್ರಿಕೆಯಲ್ಲಿ ಬರೆಯಬಹುದೇ, ನಿಮ್ಮ ಹೆಸರು ಬಿಡುತ್ತೇನೆ ಎಂದೆ.

"ಯಾಕ್ ಬುಡ್ತೀರಿ? ಇಷ್ಟ್ ವರ್ಸ ಬಂಜೆ ಅಂದೋರೆಲ್ಲ ನನ್ನ ಎಸ್ರು ಇಡ್ಕಂಡೇ ಅಂದವ್ರೆ. ಈಗ್ಲೂ ಇರ್ಲಿ. ಎಸ್ರು ಆಕಿ."

ಹಾಕಿದ್ದೇನೆ.

ನನ್ನ ಅಭಿಪ್ರಾಯದ ಜಾಗದಲ್ಲಿ ಆ ಕಾಗದವನ್ನೇ ಲಗತ್ತಿಸಿ, ನನ್ನ ರುಜುವಿನ ಪಕ್ಕ ಆಕೆಯ ಹೆಬ್ಬೆಟ್ಟಿನೊಡನೆ, ಕಚೇರಿಗೆ ಕಳಿಸಿದೆ. (ಯಾವ ಕಚೇರಿ ಎಂದು ಕೇಳಬೇಡಿ. ಗುಮಾಸ್ತರ ಹೊಟ್ಟೆಯ ಮೇಲೆ ಹೊಡೆಯುವ ಆಸೆ ನನಗಿಲ್ಲ.) ಈ ಸೋಮವಾರ ಅದು ವಾಪಸು ಬಂತು. ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಒಂದು ಪ್ರಶ್ನೆ. ಅಕ್ಷರ ಬಹಳ ಮುದ್ದಾಗಿದೆ. ಮೂರು ದಿನದಿಂದ ಮೇಜಿನ ಮೇಲಿದೆ. ಉತ್ತರ ಬರೆಯಲು ಕೂತಾಗಲೆಲ್ಲ ಎದ್ದು ಓಡಾಡುತ್ತಿದ್ದೇನೆ.

ಪ್ರಶ್ನೆ ಇದು: "ಸದರಿ ಲಕ್ಕಮ್ಮ ಎಂಬುವರಿಗೂ ಈ ಮಸೂದೆಗೂ ಸಂಬಂಧವೇನು?"